ಹಳೆಯ ಕತ್ತಿ, ಹೊಸ ತುಕ್ಕು

ಕಳೆದ ಆಯುಧಪೂಜೆಗೆ ನಾಲ್ಕು ದಿನ ಮುಂಚೆ, ಕುಣಿಗಲ್ ಕಡೆಯ ಹಳ್ಳಿಯೊಂದರಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ತುಮಕೂರಿನ ನಮ್ಮ ಮನೆಗೆ ಬಂದರು. ಕಂಕುಳಲ್ಲಿ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ ಗಂಟೊಂದಿತ್ತು. ಬಿಚ್ಚಿದರೆ, ಹಿಡಿಯೂ ಸೇರಿ ಹೆಚ್ಚುಕಡಿಮೆ ಒಂದು ಮೊಳದ ಕತ್ತಿ. "ಟಿಪ್ಪುವಿನ ಕಾಲದ್ದು ಸಾರ್. ನಮ್ಮ ವಂಶದವರು ಅವನ ಸೈನ್ಯದಲ್ಲಿದ್ದರಂತೆ. ಬೆಂಗಳೂರಿನವರೊಬ್ಬರು ಕೊಳ್ಳುತ್ತೇನೆ ಅಂದಿದ್ದಾರೆ. ನಿಜವೋ ಸುಳ್ಳೋ ನೀವೇ ಹೇಳಬೇಕು" ಎಂದರು. ಎರಡು ಕೊಳವೆ ಬಾವಿ ಕೊರೆಸಿ ಎರಡರಲ್ಲೂ ನೀರು ಕಾಣದ ಮನುಷ್ಯ. ಆ ಪ್ರಶ್ನೆಯಲ್ಲಿ ಇತಿಹಾಸದ ಕುತೂಹಲಕ್ಕಿಂತ ಹೆಚ್ಚಿನದೇನೋ ಇತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಕನ್ನಡದ ಅಧ್ಯಾಪಕ. ಸುರಗಿ, ಕಠಾರಿ, ಬಾಕು, ಅಲಗು ಎಂಬ ಮಾತುಗಳನ್ನು ತರಗತಿಯಲ್ಲಿ ವಿವರಿಸಬಲ್ಲೆ. ವೀರಗಲ್ಲಿನ ಮೇಲೆ ವೀರನ ಸೊಂಟದಲ್ಲಿ ಸಿಕ್ಕಿಸಿದ ಚೂರಿಯನ್ನು ತೋರಿಸಬಲ್ಲೆ. ಕಬ್ಬಿಣದ ವಿದ್ಯೆ ನನ್ನದಲ್ಲ. ಆದರೂ ಆತ ನನ್ನ ಬಳಿಗೆ ಬಂದದ್ದಕ್ಕೆ ಕಾರಣವಿದೆ. ಹತ್ತು ವರ್ಷದ ಹಿಂದೆ ನಾನೇ ಇಂಥ ವಸ್ತುವೊಂದನ್ನು ಕೊಂಡು ಚೆನ್ನಾಗಿ ಮೋಸಹೋದೆ. ಆ ಅವಮಾನದ ಉಪಕಾರದಿಂದ ಸ್ವಲ್ಪ ಓದಿಕೊಂಡೆ.

ಕೊಂಡದ್ದು ಹುಲಿಮೊಗದ ಹಿಡಿಯ ಬಾಕು. ಹಿತ್ತಾಳೆಯ ಹಿಡಿ, ಅಲಗಿನ ಮೇಲೆ ಹುಲಿಯ ಪಟ್ಟೆಗಳು, ಬುಡದಲ್ಲಿ ಪಾರಸಿ ಅಂಕಿಗಳು. ಆ ಅಂಕಿಗಳನ್ನು ಓದಬಲ್ಲ ಮಿತ್ರರೊಬ್ಬರು ನೋಡಿ ನಕ್ಕರು: "ಇದರಲ್ಲಿ 1799 ಎಂದಿದೆಯಲ್ಲ! ಸುಲ್ತಾನ ತಾನು ಸಾಯುವ ವರ್ಷವನ್ನು, ಅದೂ ತನ್ನ ವೈರಿಗಳ ಶಕೆಯಲ್ಲಿ, ಮೊದಲೇ ಕೆತ್ತಿಸಿಟ್ಟನೇ?" ಟಿಪ್ಪು 1787ರ ಸುಮಾರಿಗೆ ಮೌಲೂದಿ ಎಂಬ ಹೊಸ ಶಕೆಯನ್ನೇ ಜಾರಿಗೆ ತಂದವನು. ಅಲ್ಲಿಂದ ಮುಂದೆ ಅವನ ನಾಣ್ಯಗಳಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದನ್ನರಿಯದ ನಕಲಿಗಾರನು ಸಿಕ್ಕಿಬೀಳುವುದು ಇಂಥ ಕಡೆಯಲ್ಲೇ. ನನ್ನ ಬಾಕಿನ ಅಲಗು ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿನದೆಂಬುದು ಆಮೇಲೆ ಗೊತ್ತಾಯಿತು. ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಆ ಉಕ್ಕನ್ನು ಮಾಡಿದ್ದು 1913ರಲ್ಲಿ! ಈಗ ಅದು ನಮ್ಮ ಮನೆಯಲ್ಲಿ ಅಂಚೆ ಲಕೋಟೆಗಳನ್ನು ಸೀಳುವ ಸೇವೆಯಲ್ಲಿದೆ.

ಟಿಪ್ಪುವಿನ ಹೆಸರಿಗೆ ಇಷ್ಟು ನಕಲು ಹುಟ್ಟುವುದೇಕೆಂದರೆ ಅದಕ್ಕೆ ಇರುವ ಬೆಲೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಮೇಲೆ ಅರಮನೆಯ ಆಯುಧಗಳು ಲೂಟಿಯ ಪಾಲಾಗಿ ಹಡಗು ಹತ್ತಿದವು. ದಳಪತಿ ಬೇರ್ಡನಿಗೆ ಸಂದಿದ್ದ ಶಯನಗೃಹದ ಖಡ್ಗವೊಂದು 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೂ ಮಿಕ್ಕಿ ಬೆಲೆ ಪಡೆಯಿತು. ಅದಕ್ಕೆ ಮುಂಚೆ, ಅಲ್ಲಿಯೇ 2003ರಲ್ಲಿ ಮಾರಾಟವಾದ ಟಿಪ್ಪುವಿನ ಖಡ್ಗವನ್ನು ಕೊಂಡವರು ಉದ್ಯಮಿ ವಿಜಯ ಮಲ್ಯ. ಕುಣಿಗಲ್ಲಿನ ಕುದುರೆ ಫಾರಮ್ಮನ್ನು ಗುತ್ತಿಗೆ ಹಿಡಿದಿದ್ದವರೂ ಅವರೇ. ಟಿಪ್ಪುವಿನ ರಾವುತರ ಕುದುರೆಗಳು ಬೆಳೆದದ್ದು ಅಲ್ಲೇ ಎಂದು ನಮ್ಮ ಜನ ಹೇಳುವ ಫಾರಂ ಅದು. ಆ ಖಡ್ಗ ಅದೃಷ್ಟ ತರಲಿಲ್ಲವೆಂದು ಅದನ್ನು ಕೊಟ್ಟುಬಿಟ್ಟರೆಂದು 2018ರಲ್ಲಿ ಪತ್ರಿಕೆಗಳು ಬರೆದವು. ಇಂಥ ಸುದ್ದಿ ಬಂದಾಗಲೆಲ್ಲ ನಮ್ಮ ಹಳ್ಳಿಗಳ ಅಟ್ಟದ ಮೇಲಿನ ಕತ್ತಿಗಳೆಲ್ಲ ಏಕಾಏಕಿ ಟಿಪ್ಪುವಿನವಾಗುತ್ತವೆ.

ನಿಜವಾದ ಉಕ್ಕಿನ ಕಥೆ ನಮ್ಮ ಜಿಲ್ಲೆಗೆ ದೂರದ್ದಲ್ಲ. ಗುಬ್ಬಿ, ಚಿಕ್ಕನಾಯಕನಹಳ್ಳಿ ಸೀಮೆಯ ಗುಡ್ಡಗಳಲ್ಲಿ ಕಬ್ಬಿಣದ ಅದಿರುಂಟು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಈ ನಾಡನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಗುಬ್ಬಿಯ ಸಂತೆಯನ್ನೂ ಕಂಡ, ಮಾಗಡಿಯ ಕಡೆಯಲ್ಲಿ ಮತ್ತು ಚನ್ನರಾಯನದುರ್ಗದ ಸೀಮೆಯಲ್ಲಿ ಕಬ್ಬಿಣ, ಉಕ್ಕು ಮಾಡುವವರನ್ನೂ ಕಂಡ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನೊಡನೆ ತಂಗಡಿ ಗಿಡದ ಕಡ್ಡಿ ಹಾಗೂ ಹಸಿ ಎಲೆಯನ್ನಿಟ್ಟು, ಬಾಯಿ ಮೆತ್ತಿ, ಕುಲುಮೆಗೆ ಹಾಕುತ್ತಿದ್ದರು. ಬಡ ಹೊಲದಂಚಿನ ತಂಗಡಿ! ಅದರ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. 'ಉಕ್ಕು' ಎಂಬ ನಮ್ಮ ಮಾತೇ ಇಂಗ್ಲಿಷರ ಬಾಯಲ್ಲಿ 'ವೂಟ್ಸ್' ಆಯಿತೆಂದು ಪಂಡಿತರ ಮತ. ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಅದರ ಬಗ್ಗೆ ಬರೆದ. ಮೈಕೇಲ್ ಫ್ಯಾರಡೆಯಂಥವನು ಅದರ ಗುಟ್ಟು ತಿಳಿಯಲು ವರ್ಷಗಟ್ಟಲೆ ಹೆಣಗಿದ.

ಈ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಒಂದೂವರೆಯಷ್ಟಿರುತ್ತದೆ. ಹದವಾಗಿ ಬಡಿದ ಅಲಗಿನ ಮೇಲೆ ಹರಿವ ನೀರಿನಂಥ ಗೆರೆಗಳು ಮೂಡುತ್ತವೆ. ಗೆರೆ ಲೋಹದ ಮೈಯೊಳಗೇ ಇದೆ, ಮೇಲೆ ಬರೆದದ್ದಲ್ಲ. ನಕಲಿಯಲ್ಲಾದರೋ ಆಮ್ಲದಿಂದ ಗೆರೆಗಳನ್ನು ಮೇಲ್ಮೈಗೆ ಕೊರೆದಿರುತ್ತಾರೆ. ಬಲ್ಲವರು ಒಂದಿಷ್ಟೇ ಜಾಗವನ್ನು ಉಜ್ಜಿ ತೆಳು ಆಮ್ಲ ತಾಗಿಸಿದರೆ ನಿಜವಾದ ಗೆರೆ ಮರಳಿ ಬರುತ್ತದೆ. ಬರೆದ ಗೆರೆ ಹೋದದ್ದು ಹೋಯಿತು. ಎರಡು ಬಗೆಯ ಉಕ್ಕನ್ನು ಮಡಿಸಿ ಬೆಸೆದ ಹೊಸ ಅಲಗುಗಳಿಗೆ ಈ ಪರೀಕ್ಷೆ ಸಾಲದು. ಅಲ್ಲಿ ಪದರಗಳ ಕಟ್ಟನ್ನು ನೋಡಬೇಕು. ಓದುಗರು ದಯಮಾಡಿ ಇದನ್ನು ಮನೆಯಲ್ಲಿ ಮಾಡಲು ಹೋಗಬಾರದು.

ಬರಿಗಣ್ಣಿಗೆ ಕಾಣುವ ಗುರುತುಗಳೂ ಉಂಟು. ನೂರಿನ್ನೂರು ವರ್ಷದ ತುಕ್ಕು ಕಂದು-ಕಪ್ಪಾಗಿ, ಗಟ್ಟಿಯಾಗಿ, ಒಂದೆಡೆ ಹೆಚ್ಚು ಒಂದೆಡೆ ಕಡಮೆಯಾಗಿ ಕೂತಿರುತ್ತದೆ. ಉಪ್ಪುನೀರಿನಲ್ಲೋ ಆಮ್ಲದಲ್ಲೋ ಬೆಳೆಸಿದ ಆರು ತಿಂಗಳ ತುಕ್ಕು ಇಟ್ಟಿಗೆಪುಡಿಯ ಬಣ್ಣದ್ದು, ಎಲ್ಲ ಕಡೆಯೂ ಒಂದೇ ಸಮ, ಬೆರಳಿಗೆ ಹತ್ತುತ್ತದೆ. ಸವೆತವನ್ನೂ ನೋಡಬೇಕು. ಕೈ ಹಿಡಿದಲ್ಲಿ ಹಿಡಿ ಸವೆಯುತ್ತದೆ, ಒರೆ ಉಜ್ಜಿದಲ್ಲಿ ಅಲಗು ಸವೆಯುತ್ತದೆ. ಕೈ ಹೋಗದ ಮೂಲೆಯೂ ಸವೆದಿದ್ದರೆ ಅದು ಯಂತ್ರದ ಚಕ್ರಕ್ಕೆ ಹಿಡಿದು ಸವೆಸಿದ್ದು. ನಮ್ಮ ಹಳೆಯ ಖಡ್ಗಗಳಲ್ಲಿ ಅಲಗಿನ ಬಾಲವನ್ನು ಹಿಡಿಯೊಳಗೆ ಅರಗು ಹಾಕಿ ಕೂರಿಸುತ್ತಿದ್ದರು. ಅಲ್ಲಿ ಬೆಸುಗೆಯೋ ಯಂತ್ರದ ತಿರುಪೋ ಕಂಡರೆ ಸಂಶಯಪಡಬೇಕು. ಹಾಗೆಂದು ಕೂಡಲೇ ತೀರ್ಪು ಕೊಡಲೂ ಬಾರದು, ಹಳೆಯ ಅಲಗಿಗೆ ಹೊಸ ಹಿಡಿ ಹಾಕಿಸಿರಬಹುದು.

ನಕಲು ಇಂದಿನದಷ್ಟೇ ಅಲ್ಲವೆಂಬುದು ಒಂದು ಸ್ವಾರಸ್ಯ. ಮೊಗಲರ, ಮರಾಠರ ಕಾಲದಲ್ಲಿ ಪರಂಗಿ ಅಲಗಿಗೆ ಬಲು ಗೌರವ. ಅದಕ್ಕಾಗಿ ಜಿನೋವಾದ ಕಮ್ಮಾರರ ಕುಡುಗೋಲಿನಾಕಾರದ ಮುದ್ರೆಯನ್ನು ನಮ್ಮ ಕಮ್ಮಾರರು ತಮ್ಮ ಅಲಗಿಗೂ ಒತ್ತುತ್ತಿದ್ದರು. ಯೂರೋಪಿನವರೇನು ಕಡಮೆಯೇ? ಪಸ್ಸೌ ಊರಿನ ತೋಳದ ಗುರುತನ್ನು ಸೋಲಿಂಗೆನ್ನಿನವರು ಕದ್ದರು. ಮುನ್ನೂರು ವರ್ಷದ ಹಿಂದಿನ ಸುಳ್ಳು ಇಂದು ಪ್ರಾಚ್ಯವಸ್ತು! ಈ ವ್ಯವಹಾರದಲ್ಲಿ ನಿಷ್ಕಳಂಕವಾದದ್ದು ನಾಟಕದ ಕತ್ತಿಯೊಂದೇ ಎಂದು ನನಗೆ ತೋರುತ್ತದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ರಂಗದ ಮೇಲೆ ಆನೆ ಕುದುರೆಗಳನ್ನೇ ತಂದು 'ಕುರುಕ್ಷೇತ್ರ'ವನ್ನಾಡಿತು; ಅಲ್ಲಿನ ಭೀಮನ ಗದೆಯನ್ನು ದ್ವಾಪರದ್ದೆಂದು ಯಾರೂ ಯಾರಿಗೂ ಮಾರಲಿಲ್ಲ.

ಇನ್ನು ಕುಣಿಗಲ್ಲಿನ ಕತ್ತಿ. ವರ್ಷವರ್ಷವೂ ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ಅದರ ಮೂಲ ಮೈಬಣ್ಣ ಹೋಗಿತ್ತು. ಆಯುಧಪೂಜೆಯಷ್ಟು ಭಕ್ತಿಯಿಂದ ಹಳೆಯ ಆಯುಧಗಳನ್ನು ಹಾಳುಮಾಡುವ ಆಚಾರ ಇನ್ನೊಂದಿಲ್ಲ. ಹಿಡಿಯ ಬಳಿಯ ಅಡ್ಡಪಟ್ಟಿಯ ಒಂದು ತುದಿಯಲ್ಲಿ ಉಂಗುರದಂಥ ತೂತು. "ಬೆರಳು ತೂರಿಸುವುದಕ್ಕೆ ಸಾರ್" ಎಂದರು. ಹಿಡಿಯ ತುದಿಯಲ್ಲಿ ಒಂದು ಸೀಳು, ಒಂದು ಗುಂಡಿ. ನನಗೆ ಆಗಲೇ ಅನುಮಾನ ಬಂತು. ಅಲಗಿನ ಬುಡದಲ್ಲಿ ಕುಂಕುಮ, ಎಣ್ಣೆ ಸೇರಿ ಕಲ್ಲಾಗಿದ್ದ ಜಿಡ್ಡನ್ನು ಸೀಮೆಎಣ್ಣೆ ತೊಯ್ದ ಹತ್ತಿಯಿಂದ ಮೆಲ್ಲಗೆ ತೆಗೆದೆ. ಕಿರೀಟದ ಗುರುತೊಂದು ಕಂಡಿತು. ಇನ್ನೊಂದು ಕಡೆ 'ಆರ್.ಎಫ್.ಐ.' ಎಂಬ ಅಕ್ಷರಗಳು, ಕೆಳಗೆ 1943.

ಬಂಗಾಳದ ಇಶಾಪುರದ ಬಂದೂಕು ಕಾರ್ಖಾನೆಯ ಮುದ್ರೆ ಅದು. ಎರಡನೆಯ ಮಹಾಯುದ್ಧದಲ್ಲಿ, ಹಿಂದಿನ ಹದಿನೇಳು ಅಂಗುಲದ ಅಲಗನ್ನು ಹನ್ನೆರಡಕ್ಕಿಳಿಸಿ, ಭಾರತೀಯ ಸೈನಿಕರಿಗೆಂದು ಅಲ್ಲಿ ಸಂಗೀನುಗಳನ್ನು ಮಾಡಿದರು. ಬೆರಳಿನ ತೂತೆಂದು ಅವರು ತಿಳಿದದ್ದು ಬಂದೂಕಿನ ಮೂತಿಗೆ ಸಿಕ್ಕಿಸುವ ಬಳೆ. ನಕಲಿ ಸಂಗೀನುಗಳೂ ಈಚೆಗೆ ಬರುತ್ತಿವೆ. ಅವುಗಳ ಅಕ್ಷರಗಳು ಸಾಮಾನ್ಯವಾಗಿ ಒಂದೇ ಆಳದಲ್ಲಿ, ಕೊರೆದಂತೆ ಅಂದವಾಗಿರುತ್ತವೆ. ಯುದ್ಧದ ಅವಸರದಲ್ಲಿ ಸುತ್ತಿಗೆಯಿಂದ ಒತ್ತಿದವು ಹಾಗಿರುವುದಿಲ್ಲ, ಒಂದು ಆಳ, ಒಂದು ಓರೆ. ಇಲ್ಲಿ 4 ವಾಲಿತ್ತು, 3ರ ಅರ್ಧ ಮಾಸಿತ್ತು. ವಸ್ತು ನಿಜ; ಕಥೆ ಮಾತ್ರ ನಿಜವಲ್ಲ.

ಬೆಲೆಯ ಮಾತನ್ನೂ ಮುಚ್ಚಿಡಲಿಲ್ಲ. ಇಂಥವು ಲಕ್ಷಗಟ್ಟಲೆ ತಯಾರಾದವು, ಯುದ್ಧ ಮುಗಿದ ಮೇಲೆ ಸೇನೆಯ ಹೆಚ್ಚುವರಿ ಸಾಮಾನು ಡಿಸ್ಪೋಸಲ್ ಮಾರಾಟಕ್ಕೂ ಬಂತು. ಕೊಳವೆ ಬಾವಿಯ ಸಾಲ ಇದರಿಂದ ತೀರದು ಎಂದೆ. ಟಿಪ್ಪುವಿನದೆಂದು ಹೇಳಿ ಮಾರಿದರೆ ನಾಳೆ ಜಗಳ. ಮೇಲಾಗಿ ಆಯುಧಗಳ ಕಾಯಿದೆಯ ತೊಡಕು ಬೇರೆ. ಆತ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹಳ್ಳಿಗೆ ಫೋನು ಮಾಡಿ ಅಜ್ಜಿಯನ್ನು ಕೇಳಿದರು: ನಮ್ಮ ಮನೆಯಿಂದ ಯಾರಾದರೂ ಮಿಲಿಟರಿಗೆ ಹೋಗಿದ್ದರೇ? ಆ ಕಡೆಯಿಂದ ತಡವಾಗಿ ಉತ್ತರ ಬಂತು. ಮಾವನ ತಮ್ಮನೊಬ್ಬನಿದ್ದನಂತೆ, ಮನೆಯಲ್ಲಿ ಜಗಳವಾಡಿ ಹೋದವನು, ಬಸ್ರಾದಿಂದ ಎರಡು ಕಾಗದ ಬಂದಿದ್ದವಂತೆ. ತಿರುಗಿ ಬಂದಮೇಲೆ ಪಾಲಿನ ವಿಷಯದಲ್ಲಿ ಮನಸ್ತಾಪವಾಗಿ ಅವನ ಹೆಸರನ್ನೆತ್ತುವುದನ್ನೇ ಬಿಟ್ಟರಂತೆ. ಆ ಕತ್ತಿ ಅವನದೇ ಎಂದು ಅಜ್ಜಿ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

ಹಬ್ಬದ ದಿನ ಮೊಬೈಲಿಗೆ ಚಿತ್ರವೊಂದು ಬಂತು. ಟ್ರಾಕ್ಟರಿನ ಮುಂದೆ ಮಣೆ. ಮಣೆಯ ಮೇಲೆ ಕುಡುಗೋಲು, ಮಚ್ಚು, ಆ ಸಂಗೀನು. ಈ ಸಲ ಅದನ್ನು ತಿಕ್ಕಿರಲಿಲ್ಲ. ಕುಂಕುಮವನ್ನು ಅಂಕಿಗಳಿಗೆ ತಾಗದಂತೆ ಮೊನೆಯ ಕಡೆಗೆ ಇಟ್ಟಿದ್ದರು.