ಸಜ್ಜದ ಅಡಿಯ ಗೀರು

ಜಯನಗರದ ನಮ್ಮ ಮನೆಯನ್ನು ಅಪ್ಪ ಕಟ್ಟಿಸಿದ್ದು 1961ರಲ್ಲಿ. ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವರು ಮನೆಯ ನಕ್ಷೆಯನ್ನೂ ತಾವೇ ಬರೆದರು. ಹೆಂಚಿಲ್ಲ, ತೊಟ್ಟಿಯಿಲ್ಲ, ಕಂಬದ ಜಗಲಿಯಿಲ್ಲ. ಚಪ್ಪಟೆ ಆರ್‌ಸಿಸಿ ತಾರಸಿ, ಕಿಟಕಿಗಳ ಮೇಲೆ ಮೂಲೆ ಸುತ್ತಿ ಹೋಗುವ ಎರಡಡಿ ಸಜ್ಜ, ಮೆಟ್ಟಿಲ ಪಕ್ಕ ಸಿಮೆಂಟಿನ ಜಾಲಿ, ಒಳಗೆ ರೆಡ್ ಆಕ್ಸೈಡ್ ನೆಲ. ಗೃಹಪ್ರವೇಶಕ್ಕೆ ಊರಿಂದ ಬಂದ ಅಜ್ಜಿ, "ಆಸ್ಪತ್ರೆ ಕಟ್ಟಿಸಿದೀಯೇನೋ?" ಅಂದರಂತೆ.

ಬೆಂಗಳೂರಿಗೆ ಈ ಬಗೆಯ ಕಟ್ಟಡ ಬಂದ ಕತೆಯಲ್ಲಿ ಒಟ್ಟೊ ಕೋನಿಗ್ಸ್‌ಬರ್ಗರ್ ಅವರನ್ನು ಮರೆಯಲಾಗದು. ಬರ್ಲಿನ್ನಿನಲ್ಲಿ ಹುಟ್ಟಿ, ನಾಜಿಗಳ ಕಾಟಕ್ಕೆ ದೇಶ ಬಿಟ್ಟು, ಈಜಿಪ್ಟಿನಲ್ಲಿ ಕೆಲವು ವರ್ಷ ಕಳೆದು, 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದವರು. ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ವಿಜ್ಞಾನ ಸಂಸ್ಥೆಯಲ್ಲಿ ಅವರ ಕಟ್ಟಡಗಳಿವೆ. ಬಿಸಿಲು ಯಾವ ಗೋಡೆಗೆ ಬಡಿಯುತ್ತದೆ, ಗಾಳಿ ಎಲ್ಲಿಂದ ಬಂದು ಎಲ್ಲಿ ಹೊರಡಬೇಕು ಎಂಬುದು ಅವರಿಗೆ ಅಂದಕ್ಕಿಂತ ಮೊದಲಿನ ಪ್ರಶ್ನೆ. 1948ರಲ್ಲಿ ಅವರು ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ ಹೋದರು. ಅದೇ ವರ್ಷ ರಾಜಾಜಿ ಜಯನಗರಕ್ಕೆ ಅಡಿಗಲ್ಲು ಇಟ್ಟರು. ಅಪ್ಪ ಕೋನಿಗ್ಸ್‌ಬರ್ಗರ್ ಅವರನ್ನು ಕಂಡವರಲ್ಲ. ಆದರೆ ನಮ್ಮ ಮನೆ ಕಟ್ಟುವ ಹೊತ್ತಿಗೆ ಸಜ್ಜವೂ ಜಾಲಿಯೂ ಊರಿನ ಮೇಸ್ತ್ರಿಗಳ ಕೈಗೆ ಬಂದಿದ್ದವು. ಸಿಮೆಂಟಿಗೆ ಪರ್ಮಿಟ್ ಹಿಡಿದು ಅಲೆಯಬೇಕಿದ್ದ ಕಾಲವದು. ಆಗ ಯಾರೂ ಎರಡಡಿ ಸಜ್ಜವನ್ನು ಬರೀ ಶೋಕಿಗೆ ಚಾಚುತ್ತಿರಲಿಲ್ಲ.

ಅಮ್ಮನಿಗೆ ಎಂಬತ್ತು ದಾಟಿ, ಬಚ್ಚಲಿಗೆ ಇಳಿಯುವ ಒಂದು ಮೆಟ್ಟಿಲೂ ಕಷ್ಟವಾದಾಗ ಮನೆ ಮುಟ್ಟಲೇಬೇಕಾಯಿತು. ಮೊದಲು ಬಂದ ಕಂಟ್ರಾಕ್ಟರ್ ಸಜ್ಜ ಒಡೆದು ದೊಡ್ಡ ಗಾಜು ಹಾಕೋಣ, ನೆಲದ ಮೇಲೆ ಟೈಲ್ಸ್ ಕೂರಿಸೋಣ ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಬಚ್ಚಲ ನೆಲವನ್ನು ಎತ್ತರಿಸಿ ಮೆಟ್ಟಿಲು ತೆಗೆಸಿದೆ, ಬಾಗಿಲು ಅಗಲ ಮಾಡಿಸಿದೆ. ವೈರಿಂಗಿಗೆ ಗೋಡೆ ಕೊರೆಯಲು ಬಿಡಲಿಲ್ಲ. ಹಳೆಯ ಮರದ ಪಟ್ಟಿ ಓಡಿದ್ದ ಜಾಡಿನಲ್ಲೇ ಹೊಸ ಪೈಪು ಓಡಿತು.

ಸಜ್ಜದಲ್ಲಿ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟು ಚಕ್ಕೆಯೇಳುತ್ತಿತ್ತು. ಸಡಿಲವಾದದ್ದನ್ನು ಕೆತ್ತಿ, ಕಂಬಿಯನ್ನು ತಿಕ್ಕಿ, ತುಕ್ಕು ತಡೆಯುವ ಬಣ್ಣ ಬಳಿದು ಮತ್ತೆ ಗಾರೆ ಮೆತ್ತಿದರು. ನುಣ್ಣಗೆ, ಚೆಂದವಾಗಿ. ಮೊದಲ ಮಳೆಗೇ ನೀರು ಸಜ್ಜದ ಅಡಿಯಲ್ಲಿ ಹಿಂದಕ್ಕೆ ಹರಿದು ಕಿಟಕಿಯ ಮೇಲಿನ ಗೋಡೆ ಒದ್ದೆಯಾಯಿತು. ಅರವತ್ತು ವರ್ಷ ಆಗದಿದ್ದದ್ದು ಈಗೇಕೆ? ಅಪ್ಪನ ನಕ್ಷೆ ತೆಗೆದು ನೋಡಿದೆ. ಸಜ್ಜದ ಅಂಚಿಗೆ ಎರಡಿಂಚು ಒಳಗೆ, ಅಡಿಭಾಗದಲ್ಲಿ, ಪೆನ್ಸಿಲಿನ ಒಂದು ಚಿಕ್ಕ ಅರ್ಧವೃತ್ತ. ಹನಿ ಅಲ್ಲಿಗೆ ಬಂದು ಮುಂದೆ ದಾಟಲಾರದೆ ಕೆಳಗೆ ಬೀಳಲೆಂದು ಬಿಟ್ಟ ಗೀರು. ನಮ್ಮ ಗಾರೆ ಅದನ್ನೇ ಮುಚ್ಚಿತ್ತು.

ಅಮ್ಮನ ಕೋಣೆಯಲ್ಲಿ ಪೈಪಿಗಾಗಿ ಅಗೆದ ನೆಲಕ್ಕೆ ತೇಪೆ ಹಾಕಿದ ಹಿರಿಯ ಮೇಸ್ತ್ರಿಯನ್ನು ಮತ್ತೆ ಕರೆಸಿದೆ. ನೆಲದ ಕೆಂಪು ಹಳೆಯದಕ್ಕೆ ಕೂಡಿರಲಿಲ್ಲ. ಕೂಡುವುದೂ ಇಲ್ಲ ಎಂದು ಅವರೇ ಮೊದಲು ಹೇಳಿದ್ದರು. ನಕ್ಷೆಯನ್ನು ಬಿಸಿಲಿಗೆ ಹಿಡಿದು ನೋಡಿದರು. "ಬರೆದೇ ಇಟ್ಟವ್ರಲ್ಲಮ್ಮ ಯಜಮಾನ್ರು" ಅಂದರು. ಆಮೇಲೆ ಏಣಿ ಹತ್ತಿ, ಮರದ ರೀಪು ಒತ್ತಿ ಹಿಡಿದು, ಮೂಲೆಯಿಂದ ಮೂಲೆಗೆ ಗೀರು ಕೊರೆಯತೊಡಗಿದರು.