ಲೇಪಾಕ್ಷಿಯ ಚಿತ್ರಗಳಲ್ಲಿ ರೇಖೆ ಮತ್ತು ಭಾವ

ಕೊತ್ತಗೆರೆ, ಕುಣಿಗಲ್ಲಿನ ಕಡೆಯಿಂದ ಈಶಾನ್ಯಕ್ಕೆ ತುಮಕೂರು ಸೀಮೆಯನ್ನು ದಾಟಿದರೆ ಹಿಂದೂಪುರದ ಸಮೀಪದಲ್ಲಿ ಲೇಪಾಕ್ಷಿ ಸಿಗುತ್ತದೆ. ಕ್ಷೇತ್ರವು ಇಂದು ಆಂಧ್ರಪ್ರದೇಶಕ್ಕೆ ಸೇರಿದ್ದರೂ ಅಲ್ಲಿ ಕನ್ನಡ ಶಾಸನಗಳಿವೆ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ (1529–1542) ವಿರೂಪಣ್ಣ, ವೀರಣ್ಣ ಸಹೋದರರು ಅಲ್ಲಿಯ ವೀರಭದ್ರ ದೇವಾಲಯವನ್ನು ಕಟ್ಟಿಸಿದರು.

ಅದರ ಮಂಟಪಗಳ ಮೇಲ್ಛಾವಣಿಯ ಚಿತ್ರಗಳಿಗೆ ಬಳಸಿದ ಸಾಮಗ್ರಿ ಅತ್ಯಲ್ಪ: ಸುಣ್ಣದ ಗಾರೆಯ ಮೇಲೆ ಕಾವಿ, ಹಳದಿ ಮಣ್ಣು, ಕಾಡಿಗೆಯ ಕಪ್ಪು, ಸುಣ್ಣದ ಬಿಳುಪು, ಕೊಂಚ ಹಸಿರು. ನೀಲಿಯು ಇಲ್ಲವೆನ್ನುವಷ್ಟು ವಿರಳ. ಛಾಯೆಯಿಂದ ಮೈಯನ್ನು ಉಬ್ಬಿಸಿ ತೋರಿಸುವ ಅಜಂತೆಯ ಕ್ರಮವನ್ನು ಇಲ್ಲಿಯ ಚಿತ್ರಕಾರರು ಹಿಡಿಯಲಿಲ್ಲ. ಕೆಂಪು ಹಿನ್ನೆಲೆಯ ಮೇಲೆ ಬಣ್ಣವನ್ನು ಸಪಾಟಾಗಿ ತುಂಬಿ, ಕಪ್ಪು ಗೆರೆಯಿಂದ ಅಂಚು ಕಟ್ಟಿದರು. ಹೀಗಾಗಿ ಭಾವದ ಹೊಣೆಯೆಲ್ಲ ಗೆರೆಯ ಮೇಲೆಯೇ ಬಿದ್ದಿತು. ಮುಖಗಳು ಬಹುತೇಕ ಪಾರ್ಶ್ವನೋಟದವು. ಅಗಲವಾದ ಕಣ್ಣು, ಮೈಯ ಬಾಗು, ಬೆರಳಿನ ಸನ್ನೆ ಇವೇ ಮಾತನಾಡಬೇಕು. ಮನುನೀತಿ ಚೋಳನ ಕಥಾಚಿತ್ರವನ್ನೇ ನೋಡಬಹುದು. ರಾಜಕುಮಾರನ ರಥಕ್ಕೆ ಸಿಕ್ಕಿ ಕರು ಸತ್ತಿದೆ. ತಾಯಿಹಸು ನ್ಯಾಯ ಬೇಡುತ್ತಿದೆ. ಮಾತಿಲ್ಲದ ಪ್ರಾಣಿಯ ಅಳಲನ್ನು ಕಾಣಿಸಲು ಚಿತ್ರಕಾರನಿಗೆ ಇದ್ದುದು ಗೆರೆಯೊಂದೇ.

ಸ್ಥಾವರವನ್ನು ಒಲ್ಲದ ಶರಣರ ಪರಂಪರೆಗೆ ದೇಗುಲದ ಚಿತ್ರವೇಕೆಂದು ಕೇಳುವವರುಂಟು. ಪ್ರಶ್ನೆಯೇನೋ ನ್ಯಾಯವಾದುದೇ. ಆದರೆ ದಯೆಯನ್ನೇ ಧರ್ಮದ ಮೂಲವೆಂದು ಬಗೆದವರಿಗೆ ಆ ಹಸು ಹೊರಗಿನದಾಗಲಾರದು.

ಗಾರೆ ಉದುರಿದೆಡೆಗಳಲ್ಲಿ ಈಗ ಬಣ್ಣದೊಡನೆ ಗೆರೆಯೂ ಹೋಗಿದೆ. ಹೊಸ ಬಣ್ಣವನ್ನು ತುಂಬುವುದು ಸುಲಭ. ಆ ಕೈಯ ಗೆರೆಯನ್ನು ಮತ್ತೆ ಎಳೆಯಲಾಗದು.