ಒಗರು ಅಡಿಕೆಗೆ ಸಿಹಿ ಬಂದದ್ದು ಹೇಗೆ?

ಹೇಮಗುಡ್ಡದ ದಸರಾಕ್ಕೆ ಹೋದವರು ದುರ್ಗಾದೇವಿಗೆ ಕೈಮುಗಿದು ಬೆಂಡು ಬತ್ತಾಸು ತರುತ್ತಾರೆ. ಬತ್ತಾಸಿನ ಸಿಹಿ ಕಬ್ಬಿನದು. ಆದರೆ ನಮ್ಮೂರ ಅಂಗಡಿ ಮುಂದೆ ಸರದಂತೆ ತೂಗುವ ಪಾನ್ ಮಸಾಲಾ ಪಾಕೀಟುಗಳಲ್ಲಿ ಅನೇಕದರ ಸಿಹಿಗೆ ಕಬ್ಬಿನ ನಂಟೇ ಇಲ್ಲ. ಅದು ಮೊದಲು ಹುಟ್ಟಿದ್ದು ಕಲ್ಲಿದ್ದಲ ಡಾಂಬರಿನಿಂದ.

1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಫಾಲ್ಬರ್ಗ್ ಎಂಬ ವಿಜ್ಞಾನಿ ಈ ಡಾಂಬರಿನ ರಾಸಾಯನಿಕಗಳ ಮೇಲೆ ಕೆಲಸ ಮಾಡುತ್ತಿದ್ದ. ಕೈ ತೊಳೆಯದೆ ಊಟಕ್ಕೆ ಕೂತಾಗ ಬ್ರೆಡ್ಡು ಸಿಹಿಯಾಗಿತ್ತು ಎಂದು ಅವನೇ ಹೇಳಿಕೊಂಡಿದ್ದಾನೆ. ಅದೇ ಸ್ಯಾಕರಿನ್. ಸಕ್ಕರೆಗಿಂತ ಸುಮಾರು 300 ಪಟ್ಟು ಸಿಹಿ. ಮೊದಲ ಮಹಾಯುದ್ಧದಲ್ಲಿ ಸಕ್ಕರೆ ಸಿಗದಾದಾಗ ಯುರೋಪಿನ ಮನೆಮನೆಗೂ ಹೋಯಿತು.

1977ರಲ್ಲಿ ಇಲಿಗಳಿಗೆ ಮೂತ್ರಕೋಶದ ಕ್ಯಾನ್ಸರ್ ಬಂದಿದ್ದರಿಂದ ಕೆನಡಾ ಇದನ್ನು ಆಹಾರದಲ್ಲಿ ನಿಷೇಧಿಸಿತು. ಅಮೆರಿಕ ಪಾಕೀಟಿನ ಮೇಲೆ ಎಚ್ಚರಿಕೆ ಹಾಕಿಸಿತು. ಇಲಿಗೆ ಆದದ್ದು ಮನುಷ್ಯರಿಗೆ ಹಾಗೇ ಆಗುವುದಿಲ್ಲ ಎಂದು ಗೊತ್ತಾಗಿ 2000ದಲ್ಲಿ ಆ ಎಚ್ಚರಿಕೆ ಹೋಯಿತು. ಹಾಗಾದರೆ ಭಯವಿಲ್ಲವೇ?

ನಮ್ಮ ಕಡೆ ಭಯ ಬೇರೆಯದು. ನಮ್ಮ ದೇಶದ 2011ರ ಆಹಾರ ನಿಯಮದಲ್ಲಿ ಸೋಡಾದಂಥ ಪಾನೀಯಕ್ಕೆ ಕಿಲೋಗೆ 0.1 ಗ್ರಾಂ ಸ್ಯಾಕರಿನ್ ಮಿತಿ. ಪಾನ್ ಮಸಾಲಾಕ್ಕೆ 8 ಗ್ರಾಂ, ಅಂದರೆ 80 ಪಟ್ಟು. ಈ 8 ಗ್ರಾಂ ಕೊಡುವ ಸಿಹಿಗೆ ಸುಮಾರು 2.4 ಕಿಲೋ ಸಕ್ಕರೆ ಬೇಕು! ಒಂದು ಕಿಲೋ ಮಸಾಲಾದಲ್ಲಿ ಅಷ್ಟು ಸಕ್ಕರೆ ಹಿಡಿಸುವುದೇ ಇಲ್ಲ.

ಬರೀ ಅಡಿಕೆ ಕೊಟ್ಟರೆ ಹುಡುಗರು ಒಗರು ಎಂದು ಉಗುಳುತ್ತಾರೆ. ಸಿಹಿ ಸೇರಿದರೆ ಮತ್ತೊಂದು ಪಾಕೀಟು ಕೇಳುತ್ತಾರೆ. ಅಡಿಕೆಯಿಂದ ಮನುಷ್ಯರಿಗೆ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದೆ. ತಂಬಾಕು ಇಲ್ಲದಿದ್ದರೂ ಅಡಿಕೆ ಅಗಿಯುವ ಚಟದಿಂದ ಕೆನ್ನೆಯ ಒಳಚರ್ಮ ಬಿಗಿದು, ಬಾಯಿ ತೆರೆಯಲಾಗದೆ, ರೊಟ್ಟಿ ತುತ್ತು ಇಡುವುದೂ ಕಷ್ಟವಾಗುತ್ತದೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಸಿಹಿ ಅಡಿಕೆ ಉಳಿಯಿತು.

ಸಕ್ಕರೆ ಕಾಯಿಲೆ ಇದ್ದವರು ಬಳಸುವ ಸಿಹಿ ಗುಳಿಗೆಯ ಮಾತು ಬೇರೆ, ಅದನ್ನು ಡಾಕ್ಟರನ್ನೇ ಕೇಳಬೇಕು. ಉಳಿದವರು ತೂಕ ಇಳಿಸಲು ಇಂಥ ಸಿಹಿ ಬಳಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ.

ಮಕ್ಕಳ ಜೇಬಿನಲ್ಲಿ ಪಾಕೀಟು ಸಿಕ್ಕರೆ ಬೈಯುವ ಮೊದಲು ಅದರ ಹಿಂದಿನ ಸಣ್ಣ ಅಕ್ಷರಗಳನ್ನು ಅವರಿಂದಲೇ ಓದಿಸಿ. ಆ ಸಿಹಿ ಯಾಕೆ ಹಾಕಿದ್ದಾರೆ ಎಂದು ಕೇಳಿ.